ಹಾಡಿನ ಹುಡುಗಿ ಕೈ ಎತ್ತುವುದಿಲ್ಲ

ನಾನು ಸಿನಿಮಾ ಹಾಡುಗಳನ್ನು ನೋಡುತ್ತೇನೆ, ಕೇಳುವುದಿಲ್ಲ. ಹೀಗೆಂದರೆ ಜನ ಮೊದಲು ನನ್ನ ಕಿವಿಯ ಕಡೆ ನೋಡುತ್ತಾರೆ. ಕಿವಿ ಚೆನ್ನಾಗಿಯೇ ಇದೆ. ಮೂರನೇ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಆ ಮನೆಯವಳೇ ನನ್ನನ್ನು ಕೇಳುವುದುಂಟು. ವಿಷಯ ಇಷ್ಟೇ. ಹೊಸದುರ್ಗದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಲಂಗ, ಸೀರೆಗೆ ಫಾಲ್ಸು, ಅಷ್ಟೇ ನನ್ನ ಕಸುಬು. ಬಾಗಿಲ ಮೇಲೆ ಒಂದು ಟೀವಿ ಇದೆ. ಗಿರಾಕಿಗಳಿಗೆ ಕಾಯುವಾಗ ಬೇಸರವಾಗದಿರಲಿ ಎಂದು ನಮ್ಮ ಮನೆಯವರು ತಂದು ತಗುಲಿಸಿದ್ದು. ಮಿಷನ್ನಿನ ಮೋಟಾರು ಒಂದು ಕಡೆ, ಹೆಂಗಸರ ಮಾತು ಇನ್ನೊಂದು ಕಡೆ. ಇವೆರಡರ ನಡುವೆ ಟೀವಿಯ ಹಾಡು ಯಾರಿಗೂ ಬೇಡದ ಮೂರನೇ ಗಲಾಟೆಯಾಗುತ್ತಿತ್ತು. ಒಂದು ದಿನ ಸದ್ದು ಪೂರ್ತಿ ತೆಗೆದೆ. ಆಮೇಲೆ ರಿಮೋಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಯಾರದೋ ರವಿಕೆಯ ಲೈನಿಂಗಿನೊಳಗೆ ಸೇರಿಸಿ ಹೊಲಿದಿದ್ದೇನೋ ಎಂಬ ಅನುಮಾನ ಈಗಲೂ ಇದೆ.

ಹಾಗಾಗಿ ವರ್ಷಗಟ್ಟಲೆ ಹಾಡುಗಳು ನನ್ನ ಅಂಗಡಿಯಲ್ಲಿ ಮೂಕವಾಗಿ ಓಡುತ್ತಿವೆ. ನೀವೂ ಒಂದು ದಿನ ಸದ್ದು ತೆಗೆದು ನೋಡಿ. ರಾಗ ಹೋದರೆ ಹಾಡಿನಲ್ಲಿ ಏನೇನು ಉಳಿಯುತ್ತದೆ ಅಂತ ತಿಳಿಯುತ್ತದೆ. ಗಂಡಸು ಓಡುತ್ತಾನೆ, ಗಾಡಿ ಹೊಡೆಯುತ್ತಾನೆ, ಬಂಡೆ ಹತ್ತುತ್ತಾನೆ, ಆಕಾಶಕ್ಕೆ ಕೈ ಚಾಚುತ್ತಾನೆ. ಹುಡುಗಿ ನಿಂತಿರುತ್ತಾಳೆ. ನಿಂತು ತಿರುಗುತ್ತಾಳೆ. ತಿರುಗಿ ತಲೆ ತಗ್ಗಿಸುತ್ತಾಳೆ. ಕ್ಯಾಮೆರಾ ಅವಳ ಬೆನ್ನಿಗೆ ಹೋಗುತ್ತದೆ, ಸೊಂಟಕ್ಕೆ ಬರುತ್ತದೆ, ಕಿವಿಯ ಜುಮಕಿಯ ಹತ್ತಿರ ಸ್ವಲ್ಪ ಹೊತ್ತು ಕೂರುತ್ತದೆ. ಗಂಡಸಿನ ಬೆನ್ನಿಗೆ ಹೋಗಿದ್ದನ್ನು ನಾನು ಕಂಡಿಲ್ಲ. ಹೋಗಿದ್ದರೆ ಅವನ ಶರ್ಟಿನ ಹೊಲಿಗೆಯನ್ನೂ ನೋಡುತ್ತಿದ್ದೆ.

ಮತ್ತೆ ಆ ಗಾಳಿ. ಗಾಳಿ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತವೆಯೇ? ಆಷಾಢದಲ್ಲಿ ಒಣಗಹಾಕಿದ ಪಂಚೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಆದರೆ ಹಾಡಿನ ಗಾಳಿಯೇ ಬೇರೆ. ಅದು ಹುಡುಗಿಯ ಸೆರಗಿಗೆ ಮಾತ್ರ ಬೀಸುತ್ತದೆ. ಪಕ್ಕದಲ್ಲೇ ಪಂಚೆ ಉಟ್ಟು ನಿಂತ ಹೀರೋನ ಅಂಚು ಒಂದಿಷ್ಟೂ ಅಲ್ಲಾಡುವುದಿಲ್ಲ. ಇಷ್ಟು ತಿಳಿವಳಿಕೆ ಇರುವ ಗಾಳಿ ನಮ್ಮ ಕಡೆ ಬೀಸಿದರೆ ಎಷ್ಟು ಚೆನ್ನ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನ ಈ ಕಣ್ಣು ಅವ್ವನಿಂದ ಬಂದದ್ದು. ನಾನು ಚಿಕ್ಕವಳಿದ್ದಾಗ ಊರ ಹೊರಗೆ ಟೆಂಟು ಹಾಕುತ್ತಿದ್ದರು. ಮಧ್ಯೆ ಮೊಣಕಾಲೆತ್ತರದ ಒಂದು ಮಣ್ಣಿನ ಗೋಡೆ. ಈಚೆ ಹೆಂಗಸರು, ಆಚೆ ಗಂಡಸರು. ಹಾಡು ಬಂದರೆ ಆಚೆಯಿಂದ ಸೀಟಿ, ಈಚೆಯಿಂದ ಪರೀಕ್ಷೆ. ಹೀರೋಯಿನ್ ಕೊಡ ಸೊಂಟಕ್ಕಿಟ್ಟುಕೊಂಡು ಹೊಳೆಯಿಂದ ಕುಣಿಯುತ್ತ ಬಂದರೆ ಅವ್ವ ತನ್ನ ಪಕ್ಕದವಳಿಗೆ ಹೇಳುತ್ತಿದ್ದಳು: "ನೀರಿಲ್ಲ ಕಣೇ ಅದ್ರಾಗೆ. ತುಂಬಿದ ಕೊಡ ಹಂಗ್ ಕುಂತ್ಕಂತದೇನು? ಸೊಂಟ ಹಿಂಗ್ ವಾಲ್ಬೇಕು." ವಾಲಿಸಿಯೂ ತೋರಿಸುತ್ತಿದ್ದಳು. ಹಿಂದಿನವರು "ಕುಂತ್ಕಳ್ರಿ, ಕಾಣಂಗಿಲ್ಲ" ಎಂದು ಕೂಗುವವರೆಗೂ ತೋರಿಸುತ್ತಿದ್ದಳು. ಅವ್ವನೂ ಹೊಲಿಯುತ್ತಿದ್ದಳು, ಕಾಲಿನ ಮಿಷನ್ನಿನಲ್ಲಿ. ಅವಳ ರವಿಕೆಗೆ ಒಂದು ಗುರುತಿತ್ತು. ಕಂಕುಳಲ್ಲಿ, ತೋಳು ಮೈಗೆ ಸೇರುವ ಕಡೆ, ನಾಲ್ಕು ಮೂಲೆಯ ಒಂದು ಪುಟ್ಟ ತುಂಡು ಬಟ್ಟೆ ಕೂಡಿಸುತ್ತಿದ್ದಳು. ಆ ತುಂಡು ಇದ್ದರೆ ಕೈ ಪೂರ್ತಿ ಮೇಲೆ ಎತ್ತಿದರೂ ರವಿಕೆ ಜಗ್ಗುವುದಿಲ್ಲ. ಮಾಡದಕೆರೆ ಕಡೆಯಿಂದ ಬರುವ ಹೆಂಗಸರು ಶೇಂಗಾ ಬಳ್ಳಿಯ ಹೊರೆಯನ್ನು ತಲೆಗೆ ಎತ್ತಬೇಕು, ಅಟ್ಟದ ಮೇಲಿನ ಚೀಲ ಇಳಿಸಬೇಕು. ಅವರಿಗೆ ಆ ತುಂಡಿಲ್ಲದೆ ಆಗದು. ರವಿಕೆ ಹಾಕಿ ನೋಡಲು ಬಂದವರಿಗೆಲ್ಲ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಕೈ ಎತ್ತವ್ವ." ಎತ್ತಿದರೆ ಮಾತ್ರ ರವಿಕೆ ಆಚೆ ಹೋಗುತ್ತಿತ್ತು.

ಈ ಮಾತನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ ಮರೆತೆ. ಇಪ್ಪತ್ತೈದು ವರ್ಷ ಅದನ್ನು ಯಾರೊಂದಿಗೂ ಆಡಲಿಲ್ಲ. ಈಗ ಆಡುವಂತಾದದ್ದು ನಮ್ಮ ರಂಜುವಿನಿಂದ.

ರಂಜು ನನ್ನ ತಂಗಿಯ ಮಗಳು. ತಂಗಿಯನ್ನು ಹಿರಿಯೂರಿಗೆ ಕೊಟ್ಟಿದ್ದೇವೆ. ಹುಡುಗಿ ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ರಜೆ ಸಿಕ್ಕರೆ ಹಿರಿಯೂರಿಗೆ ಹೋಗುವ ಬದಲು ನನ್ನ ಅಂಗಡಿಗೆ ಬಂದು ಬಟ್ಟೆಯ ರಾಶಿಯ ಮೇಲೆ ಮಲಗುವುದು ಅವಳ ಅಭ್ಯಾಸ. ಈ ಸಲ ಬಂದವಳು ಮಲಗಲಿಲ್ಲ. ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಉಗುರು ಕಚ್ಚುತ್ತ ಕೂತಳು.

"ಏನೇ ಅದು?" ಎಂದೆ.

"ಸೆಮಿನಾರು, ದೊಡ್ಡಮ್ಮ. ಸಿನಿಮಾ ಹಾಡುಗಳ ದೃಶ್ಯಗಳಲ್ಲಿ ಲಿಂಗ ಪ್ರಾತಿನಿಧ್ಯ."

"ಹಂಗಂದ್ರೆ?"

"ಹಾಡಿನಾಗೆ ಹೆಂಗಸರನ್ನ ಹೆಂಗ್ ತೋರಿಸ್ತಾರೆ, ಗಂಡಸರನ್ನ ಹೆಂಗ್ ತೋರಿಸ್ತಾರೆ, ಆ ತೋರಿಸೋದ್ರಾಗೆ ಏನ್ ಅರ್ಥ ಐತೆ ಅಂತ."

"ಇಷ್ಟಕ್ಕೆ ಅಷ್ಟು ದೊಡ್ಡ ಹೆಸರಾ? ಅದು ನಮ್ಮ ಟೀವಿಯಾಗೆ ದಿನಾ ಐತಲ್ಲೇ."

ಅವಳು ನಗಲಿಲ್ಲ. ಬರೆದದ್ದನ್ನೆಲ್ಲ ನೋಡಿದ ಅವಳ ಮೇಡಂ, "ಇದು ಎಲ್ಲರೂ ಬರೆಯೋದೇ. ನೀನು ಕಣ್ಣಾರೆ ಕಂಡದ್ದು ಒಂದಾದರೂ ತಾ" ಎಂದಿದ್ದರಂತೆ. ಇನ್ನೊಂದು ವಿಷಯ ಅವಳು ಹೇಳದಿದ್ದರೂ ನನಗೆ ತಂಗಿಯಿಂದ ಗೊತ್ತಿತ್ತು. ಹೋದ ವರ್ಷ ಇಂಥದೇ ಸೆಮಿನಾರಿನಲ್ಲಿ ಎದ್ದು ನಿಂತವಳು ಅರ್ಧಕ್ಕೇ ಕೂತುಬಿಟ್ಟಿದ್ದಳು. ಈ ಸಲವೂ ಹಾಗಾದರೆ ಇನ್ನು ವೇದಿಕೆಯ ಸಹವಾಸವೇ ಬೇಡ ಅಂತ ಅಮ್ಮನ ಹತ್ತಿರ ಹೇಳಿಕೊಂಡಿದ್ದಳಂತೆ.

ಹುಡುಗಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮಿಷನ್ನು ನಿಲ್ಲಿಸಿ ಗಾಳಿಯ ವಿಷಯ ಹೇಳಿದೆ. ಅವ್ವನ ಖಾಲಿ ಕೊಡದ ವಿಷಯ ಹೇಳಿದೆ. ನನ್ನ ಅಳತೆ ಪುಸ್ತಕ ತೆಗೆದು ತೋರಿಸಿದೆ. ಗಿರಾಕಿಗಳು ಹಾಡಿನ ಹೆಸರು ಹೇಳಿ "ಆ ಹಾಡಿನ ತೋಳು ಇಡ್ರಿ" ಅನ್ನುತ್ತಾರೆ. ಹಾಡು ಕೇಳದ ನಾನು ಕಂಡ ಹಾಗೆ ಬರೆದುಕೊಳ್ಳುತ್ತೇನೆ. 'ಮರ ಸುತ್ತುವ ಹುಡುಗಿಯ ಕುತ್ತಿಗೆ.' 'ಅಳುತ್ತಾ ಓಡಿದವಳ ಬೆನ್ನು, ಎರಡು ದಾರ.' 'ಹಸಿರು ಸೀರೆ, ಸುಮ್ಮನೆ ನಿಂತವಳು, ಮೊಣಕೈ ತೋಳು.' ರಂಜು ಎದ್ದು ಕೂತಳು.

"ಸುಮ್ನೆ ನಿಂತೋರೇ ಜಾಸ್ತಿ ಅದಾರಲ್ಲ, ದೊಡ್ಡಮ್ಮ?"

"ಹೀರೋನ್ನ ಮದ್ವೆ ಆಗೋ ಹುಡುಗಿ ಸುಮ್ನೆ ನಿಂತಿರ್ತಾಳೆ ಕಣೇ. ಕುಣಿಯೋಕೇ ಅಂತ ಇನ್ನೊಬ್ಬಳು ಬರ್ತಾಳೆ, ಅವ್ಳು ಕೈ ಎತ್ತಿ ಕುಣೀತಾಳೆ. ಇಬ್ರ ರವಿಕೇನೂ ಬೇರೆ ಬೇರೆ. ನಿಂತಿರೋಳ ರವಿಕೆ ನೋಡು, ಕಂಕುಳಾಗೆ ಒಂದು ಸುಕ್ಕಿಲ್ಲ. ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿದಿರ್ತಾರೆ. ಕೈ ಎತ್ತಿದ್ರೆ..."

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿದ್ದು ತಡವಾಗಿತ್ತು.

"ಎತ್ತಿದ್ರೆ?" ಎಂದಳು ರಂಜು. ಉಗುರು ಕಚ್ಚುವುದು ನಿಂತಿತ್ತು.

ಹೇಳಿದೆ. ನಿಮಗೂ ಹೇಳಿಬಿಡುತ್ತೇನೆ.

ಗಿರಿಜ ನಮ್ಮ ಪಕ್ಕದ ಮನೆಯವಳು, ನನ್ನ ಓರಗೆಯವಳು. ಒಂದೇ ಬೆಂಚು, ಒಂದೇ ಜಡೆ ಬಿಲ್ಲೆ ಇಬ್ಬರಿಗೂ. ಸೋಮವಾರ ಅವಳಿಗೆ, ಮಂಗಳವಾರ ನನಗೆ. ಅವಳ ಮದುವೆ ಗೊತ್ತಾದಾಗ ನಾನು ಅವ್ವನಿಂದ ಅಂಗಡಿ ವಹಿಸಿಕೊಂಡು ಎರಡು ವರ್ಷವಾಗಿತ್ತು. ಒಂದು ದಿನ ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಬ್ಲೌಸ್ ಪೀಸಿನೊಳಗೆ ಮಡಿಸಿ ತಂದಳು. ಯಾವುದೋ ಹಾಡಿನ ಹುಡುಗಿ. ಮೊಣಕೈವರೆಗೆ ಬಿಗಿಯಾದ ತೋಳು, ಮೈಗೆ ಬಣ್ಣ ಬಳಿದಂತೆ ಕೂತ ರವಿಕೆ.

"ಹಿಂಗೇ ಬೇಕು, ಶಾಂತಿ. ಒಂದ್ ಕೂದಲು ಹೆಚ್ಚು ಕಮ್ಮಿ ಆಗ್ಬಾರ್ದು," ಎಂದಳು.

"ಕಂಕುಳಿಗೆ ತುಂಡು ಹಾಕಿದ್ರೆ ಅಲ್ಲಿ ಸ್ವಲ್ಪ ಉಬ್ಬುತ್ತೆ."

"ಆ ಹುಡುಗಿಗೆ ತುಂಡು ಐತಾ, ನೋಡು. ಇಲ್ಲ ತಾನೆ? ಮತ್ತೆ? ನಾನೇನ್ ಮದ್ವೆ ದಿನ ಶೇಂಗಾ ಹೊರೆ ಹೊರ್ತೀನೇನೇ?"

ಇಬ್ಬರೂ ನಕ್ಕೆವು. ತುಂಡು ಬಿಟ್ಟೆ. ಹಾಕಿ ನೋಡುವ ದಿನ ಚಿತ್ರವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಳು. ಚಿತ್ರದ ಹುಡುಗಿಯಂತೆ ಕೈ ಇಳಿಬಿಟ್ಟು, ತಲೆ ಅರೆ ವಾಲಿಸಿ ನಿಂತಳು. ನಾನು ಒಮ್ಮೆ ಚಿತ್ರ ನೋಡಿದೆ, ಒಮ್ಮೆ ಇವಳನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು, ಅಷ್ಟು ಸೇಮ್ ಇತ್ತು. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅವಳು ಹೊರಗೆ ಬಂದಿದ್ದರೆ "ಕೈ ಎತ್ತವ್ವ" ಅನ್ನುತ್ತಿದ್ದಳು. ನಾನು ಅನ್ನಲಿಲ್ಲ. ಚಿತ್ರದವಳು ಎತ್ತಿರಲಿಲ್ಲವಲ್ಲ!

ಮದುವೆ ಊರಿನ ಕಲ್ಯಾಣ ಮಂಟಪದಲ್ಲಿ. ಗಂಡು ಹೊಳಲ್ಕೆರೆಯವರು, ಗೊಬ್ಬರದ ಅಂಗಡಿ ಮಲ್ಲೇಶಪ್ಪ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಅದು ಸಾಲದೆಂದು ಹಾರ ಬದಲಾಯಿಸುವ ಹೊತ್ತಿಗೆ ಅವರ ಗೆಳೆಯರು ಸಿನಿಮಾ ನೋಡಿ ಕಲಿತ ಆಟ ತೆಗೆದರು. ಗಂಡನ್ನು ಅಂಡಿನ ಕೆಳಗೆ ಕೈ ಕೊಟ್ಟು ಮೇಲಕ್ಕೆತ್ತಿದರು. ಗಿರಿಜ ಹಾರ ಹಿಡಿದು ನಿಂತಳು. ಮಂಟಪವೆಲ್ಲ "ಹಾಕು, ಹಾಕು" ಎಂದು ಕೂಗಿತು. ವಿಡಿಯೋದವನು ಲೈಟು ಹಿಡಿದ. ಗಿರಿಜ ಎರಡೂ ಕೈ ಮೇಲಕ್ಕೆತ್ತಿದಳು.

ಆ ಸದ್ದನ್ನು ನಾನು ಬರೆಯಲಾರೆ. ಬಟ್ಟೆ ಅಂಗಡಿಯಲ್ಲಿ ಮೀಟರು ಅಳೆದು ಹರಿಯುತ್ತಾರಲ್ಲ, ಅಂಥದು. ಬಲಗಂಕುಳಿನಿಂದ ಅರ್ಧ ತೋಳಿನವರೆಗೆ ರವಿಕೆ ಬಾಯಿ ಬಿಟ್ಟಿತು. ಹಾರ ಮಲ್ಲೇಶಪ್ಪನ ಒಂದು ಕಿವಿಗೆ ಸಿಕ್ಕಿಕೊಂಡು ಆಮೇಲೆ ಕೊರಳಿಗೆ ಇಳಿಯಿತು. ಜನ ಹೋ ಎಂದರು. ಸೋದರತ್ತೆ ಓಡಿಬಂದು ತನ್ನ ಸೆರಗನ್ನೇ ಗಿರಿಜಳ ಹೆಗಲಿಗೆ ಹೊದಿಸಿದಳು. ಅಷ್ಟೊತ್ತಿಗೆ ಓಡಿಹೋಗಿದ್ದ ನಾನು ಎಲ್ಲಿದ್ದೆ? ಊಟದ ಮನೆಯಲ್ಲಿ, ಕವುಚಿಟ್ಟ ಅನ್ನದ ಕೊಪ್ಪರಿಗೆಯ ಹಿಂದೆ. ಇನ್ನು ಈ ಊರಿನಲ್ಲಿ ಸೂಜಿ ಹಿಡಿಯುವುದಿಲ್ಲ, ಅನ್ನ ನೀರು ಮುಟ್ಟುವುದಿಲ್ಲ ಎಂದು ಅಳುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ ಬಡಿಸುವವನು ನನ್ನನ್ನು ನೋಡಿ, "ಯಾಕಕ್ಕ ಇಲ್ಲಿ ಕುಂತೀಯ" ಎಂದು ಎರಡು ಹೋಳಿಗೆ ಕೊಟ್ಟ. ತಿಂದೆ. ತುಪ್ಪವನ್ನೂ ಹಾಕಿಸಿಕೊಂಡೆ.

ಗಿರಿಜ ಗಂಡನ ಮನೆಗೆ ಹೋದಳು. ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಭಾರವಾಯಿತು. ಮೊದಲ ಯುಗಾದಿಗೆ ಹೊಳಲ್ಕೆರೆಯಿಂದ ಒಂದು ಬ್ಲೌಸ್ ಪೀಸು ಬಂತು, ಜೊತೆಗೊಂದು ಚೀಟಿ: 'ತುಂಡು ಇಡು.' ಅಂದಿನಿಂದ ಇಂದಿನವರೆಗೆ ಅವಳ ಎಲ್ಲ ರವಿಕೆಯನ್ನೂ ನಾನೇ ಹೊಲಿದಿದ್ದೇನೆ. ಫೋನಿನಲ್ಲಿ ಮಾತಾಡುತ್ತೇವೆ, ಹಬ್ಬಕ್ಕೆ ಹೋಗಿ ಬರುತ್ತೇವೆ, ಮೊಣಕಾಲು ನೋವಿನಿಂದ ಹಿಡಿದು ಮಕ್ಕಳ ಓದಿನ ತನಕ ಎಲ್ಲ ಮಾತೂ ಆಗುತ್ತದೆ. ಆ ಹಾರದ ಮಾತು ಮಾತ್ರ ಇಲ್ಲ. ಪಾಪ, ಕನಿಕರಕ್ಕೆ ಬಟ್ಟೆ ಕಳಿಸುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳ ಜೀವನದ ಒಂದೇ ಒಂದು ಹಾರವನ್ನು ನಾನು ಕೆಡಿಸಿದೆನಲ್ಲ.

"ಮದ್ವೆ ವಿಡಿಯೋ ಐತಾ?" ಎಂದಳು ರಂಜು.

ಗಿರಿಜಳಿಗೆ ಫೋನು ಮಾಡಿದೆ. "ಹುಡುಗಿ ಕಾಲೇಜಿನಾಗೆ ಹಳೇ ಮದ್ವೆ ವಿಡಿಯೋ ನೋಡ್ಬೇಕಂತೆ ಕಣೇ. ನಿಂದು ಐತಾ?" ಎಂದೆ. "ಐತೆ. ಬಸ್ಸಿನಾಗೆ ಕೊಟ್ ಕಳಿಸ್ತೀನಿ," ಎಂದಳು. ಕ್ಯಾಸೆಟ್ಟು ಬಂತು. ರಂಜು ಅದನ್ನು ಸ್ಟುಡಿಯೋಗೆ ಕೊಟ್ಟು ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಬಂದಳು. ಅಂಗಡಿಯ ಬಾಗಿಲು ಅರ್ಧ ಹಾಕಿ, ಎಂದಿನಂತೆ ಸದ್ದು ತೆಗೆದು ನೋಡಿದೆವು.

ಆ ಕಾಲದ ಮದುವೆ ವಿಡಿಯೋ ನಿಮಗೆ ನೆನಪಿರಬೇಕು. ತಾವರೆ ಅರಳಿತು, ಒಳಗಿಂದ ಗಿರಿಜ ಬಂದಳು. ಹೃದಯದೊಳಗೆ ಮಲ್ಲೇಶಪ್ಪ ಬಂದರು, ಹೃದಯಕ್ಕಿಂತ ಮೂಗು ದೊಡ್ಡದಾಗಿತ್ತು. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದ್ದಾನೆಂದು ರಂಜು ಹೇಳಿದಳು. ಹಾರದ ಹೊತ್ತು ಬಂತು. ಗೆಳೆಯರು ಗಂಡನ್ನು ಎತ್ತಿದರು. ನಾನು ಸೆರಗು ಕಚ್ಚಿಕೊಂಡೆ. ಗಿರಿಜ ಹಾರ ಹಿಡಿದು ನಿಂತಳು. ಆಮೇಲೆ ಅವಳು ನಿಧಾನವಾಗಿ ತಲೆ ತಗ್ಗಿಸಿದಳು. ಇನ್ನೊಮ್ಮೆ ತಗ್ಗಿಸಿದಳು. ಮತ್ತೊಮ್ಮೆ, ಗುಲಾಬಿ ಎಸಳಿನ ಮಳೆಯಲ್ಲಿ. ನೋಡಿದರೆ ಹಾರ ಮಲ್ಲೇಶಪ್ಪನ ಕೊರಳಲ್ಲಿ ಕೂತಿದೆ!

"ಎಲ್ಲಿ ಹೋಯ್ತು?" ಎಂದೆ.

ರಂಜು ಹಿಂದಕ್ಕೆ ಓಡಿಸಿದಳು, ಮುಂದಕ್ಕೆ ಓಡಿಸಿದಳು. "ತೆಗ್ದುಬಿಟ್ಟಾರೆ, ದೊಡ್ಡಮ್ಮ! ಕೈ ಎತ್ತಿದ್ದನ್ನ ತೆಗ್ದಾರೆ. ಆ ಜಾಗಕ್ಕೆ ತಲೆ ತಗ್ಸಿದ್ದನ್ನ ಮೂರ್ ಸಲ ಹಾಕ್ಯಾರೆ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ತಲೆ ತಗ್ಗಿಸಿದ ಗಿರಿಜಳ ಕೈಯಲ್ಲಿ ಹಾರವೇ ಇಲ್ಲ. ತೋಳು ನೆಟ್ಟಗಿದೆ, ಬಿಗಿಯಾಗಿದೆ. ಹಿಂದೆ ಕಾಣುವ ಕಿಟಕಿಯಲ್ಲಿ ಬೆಳಗಿನ ಬಿಸಿಲು, ಹಾರ ಹಾಕಿದ್ದು ಮಧ್ಯಾಹ್ನ. ಬೆಳಿಗ್ಗೆ ಯಾವಾಗಲೋ ತೆಗೆದ ಚೂರನ್ನು ತಂದು ಇಲ್ಲಿ ತೇಪೆ ಹಾಕಿದ್ದಾನೆ. ತೇಪೆ ನನಗೆ ಗೊತ್ತಾಗದೇ ಇರುತ್ತದೆಯೇ? ಪೂರ್ತಿ ವಿಡಿಯೋದಲ್ಲಿ ಗಿರಿಜ ಒಂದು ಸಲವೂ ಕೈ ಎತ್ತಲಿಲ್ಲ. ನಾನು ಹೊಲಿದು ಮಾಡಲಾಗದ್ದನ್ನು ವಿಡಿಯೋದವನು ಕತ್ತರಿಸಿ ಮಾಡಿದ್ದ. ಗಿರಿಜಳನ್ನು ಪಕ್ಕಾ ಆ ಚಿತ್ರದ ಹುಡುಗಿಯಾಗಿಸಿದ್ದ.

ರಂಜು ಕುಣಿದಳು. ಇದೇ ಬೇಕಿತ್ತಂತೆ ಅವಳ ಮೇಡಂಗೆ. ಆದರೆ ಹುಡುಗಿ ಒಳ್ಳೆಯವಳು. "ಗಿರಿಜ ಆಂಟೀನ ಕೇಳ್ದೆ ನಾನು ಹೇಳಲ್ಲ. ಅವ್ರ ಮದ್ವೆ ಅದು. ನೀನೇ ಕೇಳು," ಎಂದಳು. ನಾನು ಧೈರ್ಯವಾಗಿ ಹೇಳಿದೆ: "ಸೆಮಿನಾರಿಗೆ ಅವ್ಳನ್ನೂ ಕರ್ಕಂಡ್ ಬರ್ತೀನಿ. ಬಸ್ಸಿನಾಗೆ ಕೇಳ್ತೀನಿ. ಅವ್ಳು ಹ್ಞೂಂ ಅಂದ್ರೆ ನಾನು ಕೆಳಗಿಂದ ತಲೆ ಆಡಿಸ್ತೀನಿ, ನೀನು ಹೇಳು. ಆಡಿಸ್ಲಿಲ್ಲ ಅಂದ್ರೆ ಬಿಟ್ಬಿಡು."

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹೊಳಲ್ಕೆರೆಯ ಮೇಲೆಯೇ ಹೋಗುತ್ತದೆ. ಗಿರಿಜಳಿಗೆ ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಕಿ ಹಿಡಿದಿದ್ದೆ. ಹತ್ತಿದಳು. ಮೆಜೆಂಟಾ ರವಿಕೆ, ನಾನೇ ಹೋದ ದೀಪಾವಳಿಗೆ ಹೊಲಿದದ್ದು. ಕೂತ ಕೂಡಲೇ ಬ್ಯಾಗಿನಿಂದ ಸೀಬೆಹಣ್ಣು ತೆಗೆದು ಉಪ್ಪು ಖಾರ ಹಚ್ಚಿ ಕೊಟ್ಟಳು. ಹಣ್ಣು ಬಾಯಲ್ಲಿರುವಾಗ ಇಂಥ ಮಾತು ಹೇಗೆ ಕೇಳುವುದು? ಹಣ್ಣು ಮುಗಿಯಲಿ ಎಂದುಕೊಂಡೆ. ಮುಗಿಯಿತು. ಕಂಡಕ್ಟರ್ ಬಂದು ಆಧಾರ್ ಕೇಳಿದ. ಅವನು ಹೋಗಲಿ ಎಂದುಕೊಂಡೆ. ಹೋದ.

"ಗಿರಿಜ," ಎಂದೆ.

"ಏನೇ?"

"ಮೊಣಕಾಲು ಹೆಂಗೈತೆ?"

"ಅಂಗೇ ಐತೆ."

ಇಷ್ಟೇ ಆದದ್ದು. ದೂರದಲ್ಲಿ ದುರ್ಗದ ಬಂಡೆಗಳು ಕಂಡವು, ಬಸ್ ಸ್ಟ್ಯಾಂಡು ಬಂತು, ಆಟೋ ಹತ್ತಿದೆವು, ಕಾಲೇಜಿನ ಗೇಟು ಬಂತು. ಇಪ್ಪತ್ತೈದು ವರ್ಷ ಕೇಳದ್ದನ್ನು ಒಂದು ಬಸ್ಸಿನ ದಾರಿಯಲ್ಲಿ ಕೇಳುತ್ತೇನೆಂದು ಒಪ್ಪಿಕೊಂಡ ನನ್ನ ಬುದ್ಧಿಗೆ ಏನೆನ್ನೋಣ!

ಸೆಮಿನಾರ್ ಹಾಲಿನಲ್ಲಿ ನೂರು ಮಕ್ಕಳಿದ್ದರೇನೋ. ನಾವಿಬ್ಬರೂ ಮೂರನೇ ಸಾಲಿನಲ್ಲಿ ಕೂತೆವು. ರಂಜು ಎದ್ದು ನಿಂತಳು. ಹಾಳೆಯನ್ನು ಎರಡೂ ಕೈಯಿಂದ ಎದೆಗೆ ಅವಚಿ ಹಿಡಿದಿದ್ದಳು. ಮೊದಲು ಪರದೆಯ ಮೇಲೆ ಸದ್ದಿಲ್ಲದ ಒಂದು ಹಾಡು ಹಾಕಿದಳು. ಸೆರಗಿಗೆ ಬೀಸಿ ಪಂಚೆಗೆ ಬೀಸದ ಗಾಳಿಯ ಮಾತು ಬಂದಾಗ ಮಕ್ಕಳು ಘೊಳ್ಳೆಂದರು. ನಕ್ಕಿದ್ದು ಕೇಳಿ ಅವಳ ದನಿ ಗಟ್ಟಿಯಾಯಿತು. ಅವ್ವನ ಖಾಲಿ ಕೊಡ ಬಂತು. ಗಿರಿಜ ನನ್ನ ತೊಡೆಗೆ ಹೊಡೆದು, "ನಿಮ್ಮವ್ವಂದೇ ಮಾತು!" ಎಂದಳು. ನನಗೆ ಬೆವರು ಕಿತ್ತಿತು.

"ನನ್ನ ಕೊನೆಯ ಉದಾಹರಣೆ..." ಎಂದು ರಂಜು ನನ್ನ ಕಡೆ ನೋಡಿದಳು.

ನಾನು ತಲೆ ಆಡಿಸಬೇಕಿತ್ತು, ಅಥವಾ ಆಡಿಸದೆ ಅವಳನ್ನು ನೋಡಬೇಕಿತ್ತು. ಎರಡೂ ಮಾಡದೆ ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡುತ್ತ ಕೂತೆ. ರಂಜು ಕಾದಳು. ಹಾಳೆ ತಿರುವಿದಳು. ಮತ್ತೆ ಮೊದಲಿನ ಹಾಳೆಗೆ ಬಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಂದು ಗಳಿಗೆ ಹೀಗೇ ಹೋದರೆ ಹುಡುಗಿ ಹೋದ ವರ್ಷದಂತೆ ಕೂತುಬಿಡುತ್ತಾಳೆ ಎಂದು ನನಗೆ ಗೊತ್ತಾಗುತ್ತಿತ್ತು.

"ಯಾಕೇ ನಿಂತ್ಲು ಹುಡುಗಿ?" ಗಿರಿಜ ಕೇಳಿದಳು.

"ನನ್ನಿಂದ," ಎಂದೆ. "ನಿನ್ನ ಮದ್ವೆದು ಹೇಳ್ಬೇಕು ಅವ್ಳು. ನಿನ್ನ ಕೇಳು ಅಂದಿದ್ಲು. ಬಸ್ಸಿನಾಗೆ ಕೇಳಾಕೆ ಆಗ್ಲಿಲ್ಲ ನಂಗೆ."

"ಯಾವ್ದು, ರವಿಕೆ ಹರಿದಿದ್ದಾ?"

ಗಿರಿಜಳದು ಗೊಬ್ಬರದ ಅಂಗಡಿಯಲ್ಲಿ ಲಾರಿಯವರನ್ನು ಕೂಗಿ ಕರೆದು ಪಳಗಿದ ದನಿ. ಇಡೀ ಹಾಲು ನಮ್ಮ ಕಡೆ ತಿರುಗಿತು.

ಅವಳು ಎದ್ದು ನಿಂತಳು. "ಹೇಳವ್ವ ಹೇಳು, ಯಾಕ್ ನಿಂತೆ? ಆ ಹರಕು ರವಿಕೆ ಮದುಮಗಳು ನಾನೇ!"

ಮಕ್ಕಳು ಚಪ್ಪಾಳೆ ತಟ್ಟಿದರು. ರಂಜು ಉಸಿರು ಬಿಟ್ಟು ವಿಡಿಯೋ ಹಾಕಿದಳು. ತಾವರೆ ಅರಳಿತು. ಹಾರ ಬಂತು. ಗಿರಿಜ ತಲೆ ತಗ್ಗಿಸಿದಳು. ಒಂದು, ಎರಡು, ಮೂರು. ಇಲ್ಲಿ ಕೈ ಎತ್ತಿದ್ದನ್ನು ತೆಗೆದಿದ್ದಾರೆ, ಬೆಳಗಿನ ನಾಚಿಕೆಯನ್ನು ತಂದು ಸೇರಿಸಿದ್ದಾರೆ ಎಂದು ರಂಜು ವಿವರಿಸುತ್ತಿದ್ದಳು.

"ನಾಚಿಕೆ ಅಲ್ಲವ್ವ ಅದು," ಎಂದಳು ಗಿರಿಜ, ನಿಂತಲ್ಲಿಂದಲೇ. "ಇರುವೆ. ಕಾಲ್ಬೆರಳಿಗೆ ಕಚ್ತು. ಬಗ್ಗಿ ನೋಡಿದ್ನಪ್ಪ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ಕಣ್ಣೊರೆಸಿಕೊಂಡು, "ಬರ್ರಿ, ಇಲ್ಲಿ ಬಂದು ಹೇಳ್ರಿ" ಎಂದರು. ಗಿರಿಜ ಹೋಗಿ ರಂಜುವಿನ ಪಕ್ಕ ನಿಂತಳು. ರಂಜು ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

"ಆಂಟಿ, ರವಿಕೆ ಹೆಂಗ್ ಹರೀತು?"

"ಹರೀಲಿಲ್ಲವ್ವ. ನಾನೇ ಹರ್ದೆ."

ಮತ್ತೆ ಚಪ್ಪಲಿ ನೋಡುತ್ತಿದ್ದ ನಾನು ತಲೆ ಎತ್ತಿದೆ.

"ಕೋಣೆಯಾಗೆ ತಲೆಗೆ ಹೂವ ಸರಿಮಾಡ್ಕಳ್ಳಾಕೆ ಹೋದಾಗ್ಲೇ ಗೊತ್ತಾತು, ಕೈ ಮೇಲಕ್ಕೆ ಹೋಗಲ್ಲ ಅಂತ. ನಮ್ಮ ಸೋದರತ್ತೆ ಏನಂದ್ಲು? 'ಎತ್ತಬ್ಯಾಡ. ಸುಮ್ನೆ ನಿಂತ್ಕ, ಚಂದ ಕಾಣ್ತೀಯ, ಗಂಡೇ ಬಗ್ತಾನೆ' ಅಂದ್ಲು. ಸರಿ ಅಂದ್ಕಂಡೆ. ಆದ್ರೆ ಅವ್ರ ಗೆಳೆಯರು ಎತ್ಕಂಡ್ ಬಿಟ್ರಲ್ಲ! ಇವ್ರು ಮೇಲಿಂದ ನೋಡಿ ನಗ್ತಾ ಅವ್ರೆ. ಮಂಟಪ ಎಲ್ಲಾ ಕೂಗ್ತೈತೆ. ನಂಗೆ ರೇಗ್ತು. ರವಿಕೆ ಉಳಿಸ್ಕಂಡು ಹಾರ ಕೈಯಾಗೇ ಇಟ್ಕಳ್ಳಾ? ಹರಿದ್ರೆ ಹರೀಲಿ ಅಂತ ಎರಡೂ ಕೈ ಎತ್ತಿದೆ."

"ಆವಾಗ ಏನನ್ನಿಸ್ತು?"

ಗಿರಿಜ ಯೋಚಿಸಿದಳು. "ಗಾಳಿ ಆಡ್ತು ನೋಡವ್ವ ಕಂಕುಳಿಗೆ. ಬೆಳಿಗ್ಗಿಂದ ಅದೇ ಫಸ್ಟು ನಾನು ನೆಟ್ಟಗೆ ಉಸಿರು ಬಿಟ್ಟಿದ್ದು." ಹೇಳುತ್ತ ಎರಡೂ ಕೈಯನ್ನು ಮೇಲಕ್ಕೆತ್ತಿ ತೋರಿಸಿದಳು, ಅಂದು ಎತ್ತಿದಂತೆ. ಮೆಜೆಂಟಾ ರವಿಕೆ ತುಟಿಪಿಟಕ್ಕೆನ್ನಲಿಲ್ಲ. "ನೋಡ್ರಿ, ಇದು ಅಲ್ಲಿ ಕುಂತಾಳಲ್ಲ, ಅವ್ಳು ಹೊಲ್ದಿದ್ದು. ಕಂಕುಳಾಗೆ ತುಂಡು ಇಟ್ಟಾಳೆ."

ರಂಜು ಆಮೇಲೆ ಹತ್ತು ನಿಮಿಷ ಮಾತಾಡಿದಳು. ಏನು ಹೇಳಿದಳೆಂದು ಕೇಳಬೇಡಿ. ಕಣ್ಣು ಮಂಜಾಗಿತ್ತು, ಮೂಗು ಒರೆಸಿಕೊಳ್ಳುವುದರಲ್ಲಿ ಕಿವಿಗೆ ಏನೂ ಬೀಳಲಿಲ್ಲ. ಆದರೆ ನೋಡಿದೆ. ಹುಡುಗಿ ಮಾತಾಡುವಾಗ ಕೈಯನ್ನು ಅಗಲಕ್ಕೆ ಬೀಸುತ್ತಿದ್ದಳು, ಮೇಲಕ್ಕೆ ಎತ್ತುತ್ತಿದ್ದಳು, ಪರದೆಯ ತುದಿಯವರೆಗೂ ಚಾಚುತ್ತಿದ್ದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಕೇಳಿಯೇಬಿಟ್ಟೆ. "ಮತ್ತೆ ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ?"

"ನೀನ್ ಯಾಕೆ ಕೇಳ್ಲಿಲ್ಲ?"

"ನೀನು ಬೇಜಾರು ಮಾಡ್ಕಂಡೀಯ ಅಂತ."

"ನಾನೂ ಅಂಗೇ ಅಂದ್ಕಂಡಿದ್ದೆ ಕಣೇ. ನೀನು ಕಷ್ಟಪಟ್ಟು ಹೊಲ್ದಿದ್ದ ರವಿಕೇನ ಜನದೆದುರಿಗೆ ಹರ್ದಾಕಿದೆ, ಶಾಂತಿ ಬೇಜಾರು ಮಾಡ್ಕಂಡ್ಲೇನೋ, ಅದಕ್ಕೇ ಆ ಮಾತೇ ಎತ್ತಲ್ಲ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೆಣಸಿನಕಾಯಿ ಖಾರವೋ ಏನೋ, ಇಬ್ಬರ ಕಣ್ಣಲ್ಲೂ ನೀರು. ಅವಳು ಮೊದಲು ನಕ್ಕಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲ ಹೆಂಗಸರೇ. ಯಾರೋ ಸರಿದು ನನಗೆ ಸ್ವಲ್ಪ ಜಾಗ ಕೊಟ್ಟರು. "ಕುಂತ್ಕಳೇ, ನಿಂಗೆ ಮಿಷನ್ ತುಳ್ದು ಕಾಲ್ ಸವೆದದೆ" ಎಂದು ಗಿರಿಜ ನನ್ನನ್ನು ಕೂರಿಸಿ, ತಾನು ಮೇಲಿನ ಕಂಬಿ ಹಿಡಿದು ನಿಂತಳು. ಬಸ್ಸು ತಿರುವಿನಲ್ಲಿ ವಾಲಿದರೆ ಎರಡೂ ಕೈಯಿಂದ ಹಿಡಿಯುವಳು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು, ನಮ್ಮ ಸೀಮೆಯ ನಿಜವಾದ ಗಾಳಿ. ಹೆಂಗಸರ ಸೆರಗಿಗೂ ಬೀಸಿತು, ಕಂಡಕ್ಟರನ ಟಿಕೇಟಿನ ಚೂರುಗಳಿಗೂ ಬೀಸಿತು. ದುರ್ಗದಿಂದ ಹೊಳಲ್ಕೆರೆಯವರೆಗೆ ನಾನು ಮೇಲೆ ನೋಡುತ್ತಲೇ ಕೂತಿದ್ದೆ.

"ಏನ್ ನೋಡ್ತೀಯೇ ಅಂಗೆ, ನನ್ನ ಕಂಕುಳಾನ?" ಎಂದಳು ಗಿರಿಜ.

"ಹೊಲಿಗೆ ನೋಡ್ತಿದೀನಿ," ಎಂದೆ. "ಕೈ ಇಳಿಸ್ಬ್ಯಾಡ."